ರೂಟರ್‌ಗೆ ಎಸ್‌ಎಸ್‌ಎಚ್ ಆಗ್ತಿಲ್ವಾ? ಮೊದಲು ಪರದೆ ಏನು ಹೇಳುತ್ತಿದೆ ಓದಿ

ಹೋದ ಮಳೆಗಾಲದಲ್ಲಿ ಹುಬ್ಬಳ್ಳಿಯ ಒಂದು ಸಣ್ಣ ಆಫೀಸಿನಲ್ಲಿ ಸಿಸ್ಕೋ 1941 ರೂಟರ್ ಕೂರಿಸಿದೆ. ಎಸ್‌ಎಸ್‌ಎಚ್ (ದೂರದಿಂದ ಗೂಢಲಿಪಿಯಲ್ಲಿ ಲಾಗಿನ್ ಆಗುವ ವಿಧಾನ) ಸೆಟಪ್ ಮಾಡಿ, ಅಲ್ಲೇ ಕೂತು ಎರಡು ಸಲ ಲಾಗಿನ್ ಆಗಿ ನೋಡಿ, ಸಂಜೆ ಧಾರವಾಡಕ್ಕೆ ವಾಪಸ್ ಬಂದೆ. ರಾತ್ರಿ ಅಲ್ಲಿ ಕರೆಂಟ್ ಹೋಗಿದೆ, ಯುಪಿಎಸ್ ಬ್ಯಾಟರಿಯೂ ಮುಗಿದಿದೆ, ರೂಟರ್ ಆಫ್ ಆಗಿ ಬೆಳಗಿನ ಜಾವ ತಾನಾಗಿಯೇ ಆನ್ ಆಗಿದೆ. ಬೆಳಿಗ್ಗೆ ಆಫೀಸಿನಲ್ಲಿ ಇಂಟರ್‌ನೆಟ್ ಚೆನ್ನಾಗಿಯೇ ಓಡುತ್ತಿತ್ತು. ಯಾರಿಗೂ ಏನೂ ಗೊತ್ತಾಗಿಲ್ಲ. ನಾನು ಅಲ್ಲಿನ ಒಂದು ಪಿಸಿಗೆ ರಿಮೋಟ್‌ನಲ್ಲಿ ಹೋಗಿ, ಅಲ್ಲಿಂದ ರೂಟರ್‌ಗೆ ಎಸ್‌ಎಸ್‌ಎಚ್ ಮಾಡಿದರೆ ಒಂದೇ ಸಾಲು: ‘ಕನೆಕ್ಷನ್ ರೆಫ್ಯೂಸ್ಡ್’.

ಲ್ಯಾಪ್‌ಟಾಪ್ ಅನ್ನು ನೇರವಾಗಿ ರೂಟರ್‌ಗೆ ಜೋಡಿಸುವ ಕನ್ಸೋಲ್ ಕೇಬಲ್ ಚೀಲಕ್ಕೆ ಹಾಕಿಕೊಂಡು ಮತ್ತೆ ಹುಬ್ಬಳ್ಳಿ ಬಸ್ ಹತ್ತಿದೆ. ಕನ್ಸೋಲ್‌ನಲ್ಲಿ ‘ಶೋ ರನ್’ ಕೊಟ್ಟು ಕಾನ್ಫಿಗರೇಷನ್ ಅನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದೆ. ಎಲ್ಲಾ ಸಾಲೂ ಇತ್ತು. ಯೂಸರ್‌ನೇಮ್ ಇತ್ತು, ಡೊಮೈನ್ ನೇಮ್ ಇತ್ತು, ದೂರದಿಂದ ಬರುವವರಿಗಿರುವ ವಿಟಿವೈ ಲೈನ್‌ಗಳಲ್ಲಿ ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್’ ಕೂಡ ಇತ್ತು. ಒಂದು ಗಂಟೆ ಹೋಯಿತು. ಕೊನೆಗೆ ‘ಶೋ ಐಪಿ ಎಸ್‌ಎಸ್‌ಎಚ್’ ಕೊಟ್ಟಾಗ ಮೊದಲ ಸಾಲಿನಲ್ಲೇ ಉತ್ತರ ಇತ್ತು: ಎಸ್‌ಎಸ್‌ಎಚ್ ಡಿಸೇಬಲ್ಡ್, ಆರ್‌ಎಸ್‌ಎ ಕೀ (ಗೂಢಲಿಪಿಗೆ ಬೇಕಾದ ಕೀಲಿ) ಮಾಡಿ ಅಂತ.

ಆಗಿದ್ದು ಇಷ್ಟೇ. ಎಲ್ಲಾ ಕಾನ್ಫಿಗರೇಷನ್ ಟೈಪ್ ಮಾಡಿ ‘ರೈಟ್ ಮೆಮೊರಿ’ ಕೊಟ್ಟಿದ್ದೆ. ಆಮೇಲೆ ಕೊನೆಯಲ್ಲಿ ಆರ್‌ಎಸ್‌ಎ ಕೀ ಮಾಡಿದ್ದೆ. ಕೀ ಆದ ತಕ್ಷಣ ಎಸ್‌ಎಸ್‌ಎಚ್ ಓಡಿತು, ನಾನೂ ಹೊರಟೆ. ಆದರೆ ಆ ಕೀ ‘ಶೋ ರನ್’ನಲ್ಲಿ ಎಲ್ಲೂ ಕಾಣುವುದಿಲ್ಲ. ಅದು ಎನ್‌ವಿರ್ಯಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಬೇರೆಯೇ ಒಂದು ಖಾಸಗಿ ಜಾಗಕ್ಕೆ ಹೋಗುತ್ತದೆ, ಅದೂ ಕೀ ಮಾಡಿದ ನಂತರ ನೀವು ಮತ್ತೊಮ್ಮೆ ಸೇವ್ ಮಾಡಿದಾಗ ಮಾತ್ರ. ಸೇವ್ ಮಾಡದಿದ್ದರೆ ರೂಟರ್ ರೀಬೂಟ್ ಆದಾಗ ಕೀ ಹೋಗುತ್ತದೆ, ಉಳಿದ ಸಾಲುಗಳೆಲ್ಲ ಹಾಗೇ ಇರುತ್ತವೆ. ನೋಡಲು ಎಲ್ಲಾ ಸರಿ, ಬಾಗಿಲು ಮಾತ್ರ ಮುಚ್ಚಿದೆ.

ಅವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ‘ಎಸ್‌ಎಸ್‌ಎಚ್ ಆಗ್ತಿಲ್ಲ’ ಅನ್ನುವುದು ಒಂದೇ ದೋಷದ ಹೆಸರಲ್ಲ. ನಿಮ್ಮ ಲ್ಯಾಪ್‌ಟಾಪ್‌ನಿಂದ ಹೊರಟ ಪ್ಯಾಕೆಟ್ ರೂಟರ್ ತನಕ ಹೋಗಬೇಕು, ಅಲ್ಲಿ 22ನೇ ಪೋರ್ಟ್ ತೆರೆದಿರಬೇಕು, ಎರಡೂ ಕಡೆಯವರು ಯಾವ ಗೂಢಲಿಪಿ ಬಳಸಬೇಕು ಅಂತ ಒಪ್ಪಬೇಕು, ಆಮೇಲೆ ಪಾಸ್‌ವರ್ಡ್ ಸರಿ ಹೋಗಬೇಕು, ಒಳಗೆ ಬಂದ ಮೇಲೆ ಅಧಿಕಾರ ಸಿಗಬೇಕು. ಎಲ್ಲಿ ನಿಂತಿತು ಅನ್ನುವುದನ್ನು ಪರದೆಯ ಸಂದೇಶವೇ ಹೇಳುತ್ತದೆ. ಆ ಸಾಲನ್ನು ಓದದೆ ಕಾನ್ಫಿಗರೇಷನ್ ಮುಟ್ಟಬೇಡಿ.

ಇಲ್ಲಿ ಬರೆದಿರುವುದು ಸಿಸ್ಕೋದ ಐಒಎಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಓಡುವ ರೂಟರ್‌ಗಳ ಬಗ್ಗೆ. ಓದಲು ಸುಲಭ ಆಗಲಿ ಅಂತ ಕಮಾಂಡ್‌ಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಶುರು ಮಾಡುವ ಮೊದಲು: ವಾಪಸ್ ಬರುವ ದಾರಿ

ರೂಟರ್ ಪಕ್ಕದಲ್ಲೇ ಇದ್ದರೆ ಕನ್ಸೋಲ್ ಕೇಬಲ್ ಹಾಕಿ. ತಿಳಿ ನೀಲಿ ಬಣ್ಣದ ಚಪ್ಪಟೆ ಕೇಬಲ್, ಜೊತೆಗೆ ಒಂದು ಯುಎಸ್‌ಬಿ ಸೀರಿಯಲ್ ಕನ್ವರ್ಟರ್. ಪುಟ್ಟಿ ಅನ್ನುವ ಟರ್ಮಿನಲ್ ಸಾಫ್ಟ್‌ವೇರ್‌ನಲ್ಲಿ ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ. ಫ್ಲೋ ಕಂಟ್ರೋಲ್ ಆನ್ ಇದ್ದರೆ ರೂಟರ್‌ನ ಮಾತು ಪರದೆಗೆ ಬರುತ್ತದೆ, ನೀವು ಒತ್ತಿದ ಕೀ ಮಾತ್ರ ಒಳಗೆ ಹೋಗದೇ ಇರಬಹುದು. ಆಗ ಕೀಬೋರ್ಡ್ ಹಾಳಾಗಿದೆ ಅಂದುಕೊಳ್ಳಬೇಡಿ.

ದೂರದಿಂದ ಕೆಲಸ ಮಾಡುತ್ತಿದ್ದರೆ, ಅಂದರೆ ಸದ್ಯಕ್ಕೆ ಟೆಲ್ನೆಟ್‌ನಲ್ಲೋ (ಗೂಢಲಿಪಿ ಇಲ್ಲದ ಹಳೇ ಲಾಗಿನ್ ವಿಧಾನ) ಬೇರೆ ದಾರಿಯಲ್ಲೋ ಒಳಗಿದ್ದು ಎಸ್‌ಎಸ್‌ಎಚ್ ಸರಿ ಮಾಡಲು ಹೊರಟಿದ್ದರೆ, ಮೊದಲು ‘ರೀಲೋಡ್ ಇನ್ 10’ ಕೊಡಿ. ಹತ್ತು ನಿಮಿಷದಲ್ಲಿ ರೂಟರ್ ತಾನೇ ರೀಬೂಟ್ ಆಗಿ ಹಳೆಯ, ಸೇವ್ ಆದ ಕಾನ್ಫಿಗರೇಷನ್‌ಗೆ ಹೋಗುತ್ತದೆ. ನೀವು ತಪ್ಪಿ ನಿಮ್ಮನ್ನೇ ಹೊರಗೆ ಹಾಕಿಕೊಂಡರೆ ಇದು ಕಾಪಾಡುತ್ತದೆ. ಎಲ್ಲಾ ಸರಿ ಹೋದರೆ ‘ರೀಲೋಡ್ ಕ್ಯಾನ್ಸಲ್’ ಕೊಟ್ಟು ಆಮೇಲೆ ಸೇವ್ ಮಾಡಿ. ಇದರಲ್ಲಿ ಒಂದು ಎಚ್ಚರ ಬೇಕು: ಬದಲಾವಣೆ ಮಾಡಿದ ಮೇಲೆ ರೀಲೋಡ್ ಕೊಟ್ಟರೆ ‘ಕಾನ್ಫಿಗರೇಷನ್ ಬದಲಾಗಿದೆ, ಸೇವ್ ಮಾಡಲೇ?’ ಅಂತ ಕೇಳುತ್ತದೆ. ಅಲ್ಲಿ ಅಭ್ಯಾಸಬಲದಿಂದ ಎಸ್ ಅಂದರೆ ತಪ್ಪು ಸಾಲು ಸೇವ್ ಆಗಿ ರೀಬೂಟ್ ಆದರೂ ಪ್ರಯೋಜನ ಇಲ್ಲ. ಹಾಗಾಗಿ ಮುಟ್ಟುವ ಮೊದಲೇ ಟೈಮರ್ ಇಡಿ.

ಹೋಲಿಸಿ ನೋಡಲು ಸರಿಯಾದ ಸೆಟಪ್ ಕಣ್ಣ ಮುಂದೆ ಇರಲಿ. ಕನಿಷ್ಠ ಬೇಕಾದದ್ದು ಇಷ್ಟು:

ಹೋಸ್ಟ್‌ನೇಮ್ ಆಫೀಸ್-ಆರ್1
ಐಪಿ ಡೊಮೈನ್-ನೇಮ್ ಆಫೀಸ್.ಲೋಕಲ್
ಯೂಸರ್‌ನೇಮ್ ನೆಟ್‌ಅಡ್ಮಿನ್ ಪ್ರಿವಿಲೇಜ್ 15 ಸೀಕ್ರೆಟ್ ನಿಮ್ಮ-ಪಾಸ್‌ವರ್ಡ್
ಕ್ರಿಪ್ಟೋ ಕೀ ಜನರೇಟ್ ಆರ್‌ಎಸ್‌ಎ ಮಾಡ್ಯುಲಸ್ 2048
ಐಪಿ ಎಸ್‌ಎಸ್‌ಎಚ್ ವರ್ಷನ್ 2
ಲೈನ್ ವಿಟಿವೈ 0 4
ಲಾಗಿನ್ ಲೋಕಲ್
ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್
ಎಂಡ್
ರೈಟ್ ಮೆಮೊರಿ

ಹೋಸ್ಟ್‌ನೇಮ್ ಇನ್ನೂ ಫ್ಯಾಕ್ಟರಿಯಿಂದ ಬಂದ ‘ರೂಟರ್’ ಅಂತಲೇ ಇದ್ದರೆ ಕೀ ಮಾಡಲು ಬಿಡುವುದಿಲ್ಲ, ಬೇರೆ ಹೆಸರು ಕೊಡಿ ಅನ್ನುತ್ತದೆ. ಡೊಮೈನ್ ನೇಮ್ ಇಲ್ಲದಿದ್ದರೂ ಹಾಗೆಯೇ. ಇವೆರಡೂ ಸೇರಿಯೇ ಕೀಗೆ ಹೆಸರು ಆಗುವುದು.

‘ಕ್ರಿಪ್ಟೋ’ ಅನ್ನುವ ಕಮಾಂಡೇ ಇಲ್ಲ ಅಂತ ಬಂದರೆ ಅದು ಬೇರೆ ಕಥೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಸ್ಕೋದ ಸಿಸಿಎನ್‌ಎ ಪರೀಕ್ಷೆಯ ಅಭ್ಯಾಸಕ್ಕೆ ಅಂತ ಹಳೇ 2800 ಸರಣಿಯ ರೂಟರ್ ತಂದವರಲ್ಲಿ ಇದನ್ನು ನೋಡಿದ್ದೇನೆ. ‘ಶೋ ವರ್ಷನ್’ ಕೊಟ್ಟು ಐಒಎಸ್ ಫೈಲಿನ ಹೆಸರು ನೋಡಿ. ಹೆಸರಿನಲ್ಲಿ ‘ಕೆ9’ ಇರಬೇಕು. ಇಲ್ಲದಿದ್ದರೆ ಆ ಇಮೇಜ್‌ನಲ್ಲಿ ಬಲವಾದ ಗೂಢಲಿಪಿಯ ಭಾಗವೇ ಇಲ್ಲ ಅಂತ ಅರ್ಥ. ಏನೇ ಟೈಪ್ ಮಾಡಿದರೂ ಎಸ್‌ಎಸ್‌ಎಚ್ ಬರುವುದಿಲ್ಲ, ಇಮೇಜ್ ಬದಲಿಸಬೇಕು.

‘ಕನೆಕ್ಷನ್ ಟೈಮ್ಡ್ ಔಟ್’

ಉತ್ತರವೇ ಬರಲಿಲ್ಲ ಅಂತ ಇದರ ಅರ್ಥ. ಎಸ್‌ಎಸ್‌ಎಚ್ ಕಾನ್ಫಿಗರೇಷನ್ ಇನ್ನೂ ಆಟಕ್ಕೇ ಬಂದಿಲ್ಲ. ಪಿಂಗ್ ಮಾಡಿ. ಪಿಂಗ್ ಹೋಗದಿದ್ದರೆ ರೂಟರ್‌ನಲ್ಲಿ ‘ಶೋ ಐಪಿ ಇಂಟರ್‌ಫೇಸ್ ಬ್ರೀಫ್’ ನೋಡಿ, ಇಂಟರ್‌ಫೇಸ್ ಅಪ್ ಇದೆಯಾ, ನೀವು ಟೈಪ್ ಮಾಡುತ್ತಿರುವ ಐಪಿಯೇ ಅಲ್ಲಿದೆಯಾ ನೋಡಿಕೊಳ್ಳಿ. ಬೇರೆ ವಿಲ್ಯಾನ್‌ನಿಂದ (ಅದೇ ಆಫೀಸಿನ ಪ್ರತ್ಯೇಕ ನೆಟ್‌ವರ್ಕ್ ಭಾಗ) ಬರುತ್ತಿದ್ದರೆ ಹೋಗುವ ದಾರಿಯಷ್ಟೇ ಅಲ್ಲ, ಉತ್ತರ ವಾಪಸ್ ಬರುವ ದಾರಿಯೂ ರೂಟರ್‌ಗೆ ಗೊತ್ತಿರಬೇಕು. ‘ಶೋ ಐಪಿ ರೂಟ್’ನಲ್ಲಿ ನಿಮ್ಮ ಲ್ಯಾಪ್‌ಟಾಪ್ ಇರುವ ನೆಟ್‌ವರ್ಕ್ ಇದೆಯಾ?

ಪಿಂಗ್ ಹೋಗಿ ಎಸ್‌ಎಸ್‌ಎಚ್ ಮಾತ್ರ ಟೈಮ್ ಔಟ್ ಆಗುತ್ತಿದ್ದರೆ ನಡುವೆ ಯಾವುದೋ ಫೈರ್‌ವಾಲ್ ಅಥವಾ ಇಂಟರ್‌ಫೇಸ್ ಮೇಲಿನ ಎಸಿಎಲ್ (ಯಾವ ಪ್ಯಾಕೆಟ್ ಬಿಡಬೇಕು ಅನ್ನುವ ಪಟ್ಟಿ) 22ನ್ನು ನುಂಗುತ್ತಿದೆ. ವಿಂಡೋಸ್ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್ 192.168.10.1 -ಪೋರ್ಟ್ 22’ ಕೊಟ್ಟರೆ ಪೋರ್ಟ್ ಸಿಗುತ್ತಿದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಕೆಲವು ಸಲ ‘ನೋ ರೂಟ್ ಟು ಹೋಸ್ಟ್’ ಅಂತ ಬರುತ್ತದೆ, ಪಿಂಗ್ ಮಾತ್ರ ಚೆನ್ನಾಗಿ ಹೋಗುತ್ತಿರುತ್ತದೆ. ಓದಿದವರು ರೂಟಿಂಗ್ ಹುಡುಕಲು ಓಡುತ್ತಾರೆ. ಆದರೆ ಎಸಿಎಲ್ ತಡೆದಾಗ ರೂಟರ್ ‘ಇದಕ್ಕೆ ಅನುಮತಿ ಇಲ್ಲ’ ಅಂತ ಒಂದು ಐಸಿಎಂಪಿ ಸಂದೇಶ ಕಳಿಸುತ್ತದೆ, ಅದನ್ನೇ ಲಿನಕ್ಸ್ ಈ ಮಾತಿನಲ್ಲಿ ತೋರಿಸುವುದು. ಪಿಂಗ್ ಹೋಗುತ್ತಿದ್ದರೆ ಎಸಿಎಲ್ ನೋಡಿ.

ಆಫೀಸಿನ ಹೊರಗಿನಿಂದ, ಅಂದರೆ ಮನೆಯಿಂದ ರೂಟರ್‌ಗೆ ಬರಲು ನೋಡುತ್ತಿದ್ದೀರಾ? ಹಾಗಾದರೆ ಮೊದಲು ರೂಟರ್‌ನ ಹೊರಗಿನ ಇಂಟರ್‌ಫೇಸ್‌ಗೆ ಯಾವ ಐಪಿ ಸಿಕ್ಕಿದೆ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಅದು ನಿಮ್ಮ ಸ್ವಂತ ಪಬ್ಲಿಕ್ ಐಪಿ ಅಲ್ಲ. ಇಂಟರ್‌ನೆಟ್ ಕೊಡುವವರು ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಲು 2012ರಲ್ಲಿ ಈ ವಿಳಾಸಗಳನ್ನು ಮೀಸಲಿಡಲಾಯಿತು. ಹೊರಗಿನಿಂದ ನಿಮ್ಮ ರೂಟರ್ ತನಕ ಪ್ಯಾಕೆಟ್ ಬರುವುದೇ ಇಲ್ಲ. ಪೋರ್ಟ್ ಫಾರ್ವರ್ಡಿಂಗ್ ಅಂತ ಎಷ್ಟು ಹೊತ್ತು ಒದ್ದಾಡಿದರೂ ಆಗುವುದಿಲ್ಲ. ಸ್ಟ್ಯಾಟಿಕ್ ಐಪಿ ಕೇಳಿ, ಅಥವಾ ಆಫೀಸಿನ ಒಳಗಿನಿಂದಲೇ ಹೊರಗಿನ ಒಂದು ಸರ್ವರ್‌ಗೆ ವಿಪಿಎನ್ ಕಟ್ಟಿ. ನನ್ನನ್ನು ಕೇಳಿದರೆ ಪಬ್ಲಿಕ್ ಐಪಿ ಇದ್ದರೂ ವಿಪಿಎನ್ ದಾರಿಯೇ ಸರಿ. 22ನ್ನು ಇಡೀ ಇಂಟರ್‌ನೆಟ್‌ಗೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳು ಲಾಗ್‌ನಲ್ಲಿ ಹಗಲು ರಾತ್ರಿ ತುಂಬುತ್ತಲೇ ಇರುತ್ತವೆ.

‘ಕನೆಕ್ಷನ್ ರೆಫ್ಯೂಸ್ಡ್’

ನನ್ನನ್ನು ಹುಬ್ಬಳ್ಳಿ ತನಕ ಓಡಿಸಿದ್ದು ಇದೇ. ಇದಕ್ಕೆ ಕಾರಣಗಳು ಜಾಸ್ತಿ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಸಂದೇಶ ಹೇಳುವುದು ಇಷ್ಟು: ಪ್ಯಾಕೆಟ್ ಅಲ್ಲಿಗೆ ತಲುಪಿತು, ಅಲ್ಲಿಂದ ಬೇಡ ಅಂತ ಉತ್ತರವೂ ಬಂತು. ಅಂದರೆ ಕೇಬಲ್, ಐಪಿ, ರೂಟಿಂಗ್ ಎಲ್ಲಾ ಸರಿ ಇದೆ, ಅವನ್ನು ಮುಟ್ಟಬೇಡಿ.

ಮೊದಲ ಕಮಾಂಡ್ ‘ಶೋ ಐಪಿ ಎಸ್‌ಎಸ್‌ಎಚ್’. ಡಿಸೇಬಲ್ಡ್ ಅಂತ ಬಂದರೆ ಕೀ ಇಲ್ಲ, ಅಥವಾ ಕೀ ಚಿಕ್ಕದಾಯಿತು. ಹಳೆಯ ಐಒಎಸ್‌ನಲ್ಲಿ ಮಾಡ್ಯುಲಸ್ (ಕೀಯ ಉದ್ದ) ಎಷ್ಟು ಅಂತ ಕೇಳಿದಾಗ ಸುಮ್ನೆ ಎಂಟರ್ ಒತ್ತಿದರೆ 512 ಬಿಟ್‌ನ ಕೀ ಆಗುತ್ತದೆ. ಎರಡನೇ ಆವೃತ್ತಿಯ ಎಸ್‌ಎಸ್‌ಎಚ್‌ಗೆ ಕನಿಷ್ಠ 768 ಬೇಕು. ನೀವು 2048 ಕೊಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ‘ವರ್ಷನ್ 1.99’ ಅಂತ ತೋರಿಸಿದರೆ ಗಾಬರಿ ಬೇಡ, ಒಂದನೇ ಆವೃತ್ತಿಯೂ ಎರಡನೆಯದೂ ಎರಡೂ ತೆರೆದಿವೆ ಅಂತ ಅರ್ಥ. ‘ಐಪಿ ಎಸ್‌ಎಸ್‌ಎಚ್ ವರ್ಷನ್ 2’ ಕೊಟ್ಟು ಹಳೆಯದನ್ನು ಮುಚ್ಚಿಬಿಡಿ.

ಕೀ ಮಾಯವಾಗುವ ಇನ್ನೊಂದು ಸಂದರ್ಭ ಇದೆ. ಹಳೇ ರೂಟರ್ ಕೆಟ್ಟಿತು, ಹೊಸದು ತಂದು ಬ್ಯಾಕಪ್ ಇಟ್ಟಿದ್ದ ಕಾನ್ಫಿಗರೇಷನ್ ಅನ್ನು ಹಾಗೇ ಪೇಸ್ಟ್ ಮಾಡಿದಿರಿ. ಎಲ್ಲಾ ಓಡುತ್ತದೆ, ಎಸ್‌ಎಸ್‌ಎಚ್ ಮಾತ್ರ ಇಲ್ಲ. ಕೀ ಆ ಬ್ಯಾಕಪ್ ಫೈಲಿನಲ್ಲಿ ಇರಲೇ ಇಲ್ಲ. ಹೊಸ ರೂಟರ್‌ನಲ್ಲಿ ಹೊಸದಾಗಿ ಮಾಡಿ, ಮಾಡಿದ ಮೇಲೆ ಸೇವ್ ಮಾಡಿ.

ಎಸ್‌ಎಸ್‌ಎಚ್ ಎನೇಬಲ್ಡ್ ಅಂತಲೇ ಇದೆ, ಆದರೂ ರೆಫ್ಯೂಸ್ಡ್? ಈಗ ವಿಟಿವೈ ಲೈನ್ ನೋಡಿ. ವಿಟಿವೈ ಅಂದರೆ ದೂರದಿಂದ ಬರುವವರಿಗೆ ರೂಟರ್ ಇಟ್ಟಿರುವ ಕುರ್ಚಿಗಳು ಅಂದುಕೊಳ್ಳಿ. 0ರಿಂದ 4 ಅಂದರೆ ಐದು ಕುರ್ಚಿ. ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಟೆಲ್ನೆಟ್’ ಅಂತ ಇದ್ದರೆ ಎಸ್‌ಎಸ್‌ಎಚ್‌ಗೆ ಕುರ್ಚಿ ಇಲ್ಲ. ‘ನನ್’ ಅಂತ ಇದ್ದರೆ ಯಾರಿಗೂ ಇಲ್ಲ.

ಐದೂ ಕುರ್ಚಿ ತುಂಬಿದ್ದರೂ ಆರನೆಯವರಿಗೆ ಬರುವುದು ಇದೇ ಸಂದೇಶ. ಐದು ಜನ ನಿಜವಾಗಿ ಕೂತಿರಬೇಕೆಂದೇನೂ ಇಲ್ಲ. ಯಾರೋ ‘ಎಕ್ಸೆಕ್-ಟೈಮ್‌ಔಟ್ 0 0’ ಕೊಟ್ಟಿರುತ್ತಾರೆ, ಅಂದರೆ ಸುಮ್ಮನಿದ್ದರೂ ಹೊರಗೆ ಹಾಕಬೇಡ ಅಂತ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿರುತ್ತಾರೆ, ಸೆಷನ್ ಮಾತ್ರ ರೂಟರ್‌ನಲ್ಲಿ ಜೀವಂತ ಇರುತ್ತದೆ. ಕನ್ಸೋಲ್‌ನಲ್ಲಿ ‘ಶೋ ಯೂಸರ್ಸ್’ ಕೊಟ್ಟು ಎಷ್ಟು ಹೊತ್ತಿನಿಂದ ಯಾರು ಕೂತಿದ್ದಾರೆ ನೋಡಿ, ಖಾಲಿ ಕೂತವರನ್ನು ‘ಕ್ಲಿಯರ್ ಲೈನ್ ವಿಟಿವೈ 2’ ಅಂತ ಎಬ್ಬಿಸಿ. ಟೈಮ್‌ಔಟ್ ತೆಗೆದುಹಾಕಿರದಿದ್ದರೆ ಹತ್ತು ನಿಮಿಷ ಸುಮ್ಮನಿದ್ದವರನ್ನು ರೂಟರ್ ತಾನೇ ಎಬ್ಬಿಸುತ್ತದೆ, ಅದನ್ನು ಹಾಗೇ ಬಿಡುವುದು ಒಳ್ಳೆಯದು. ಜೊತೆಗೆ ‘ಸರ್ವಿಸ್ ಟಿಸಿಪಿ-ಕೀಪ್‌ಅಲೈವ್ಸ್-ಇನ್’ ಹಾಕಿದರೆ ಅರ್ಧದಲ್ಲೇ ಕಡಿದುಹೋದ ಸೆಷನ್‌ಗಳೂ ಬೇಗ ಖಾಲಿಯಾಗುತ್ತವೆ.

ಮೂರನೆಯದು ‘ಆಕ್ಸೆಸ್-ಕ್ಲಾಸ್’. ವಿಟಿವೈಗೆ ಯಾರು ಬರಬಹುದು ಅನ್ನುವ ಪಟ್ಟಿ ಇದು. ಇದು ಪ್ಯಾಕೆಟ್ ಅನ್ನು ಸುಮ್ಮನೆ ನುಂಗುವುದಿಲ್ಲ, ರೆಫ್ಯೂಸ್ ಮಾಡುತ್ತದೆ. ಇಲ್ಲಿ ಪದೇ ಪದೇ ಆಗುವ ತಪ್ಪು ವೈಲ್ಡ್‌ಕಾರ್ಡ್ ಮಾಸ್ಕ್‌ನದು. ಬರೆಯಬೇಕಾದದ್ದು ‘ಆಕ್ಸೆಸ್-ಲಿಸ್ಟ್ 10 ಪರ್ಮಿಟ್ 192.168.10.0 0.0.0.255’. ಸಬ್‌ನೆಟ್ ಮಾಸ್ಕ್ ಬರೆಯುವ ಕೈ ಅಭ್ಯಾಸದಲ್ಲಿ 255.255.255.0 ಅಂತ ಬರೆದರೆ ರೂಟರ್ ಬೇಡ ಅನ್ನುವುದಿಲ್ಲ, ಕೊನೆಯ ಅಂಕಿ 0 ಇರುವ ವಿಳಾಸಕ್ಕೆ ಮಾತ್ರ ಬಿಡು ಅಂತ ಅರ್ಥ ಮಾಡಿಕೊಳ್ಳುತ್ತದೆ. ನಿಮ್ಮ ಲ್ಯಾಪ್‌ಟಾಪ್‌ಗೆ ಅಂಥ ವಿಳಾಸ ಇರುವುದಿಲ್ಲವಲ್ಲ! ‘ಶೋ ಆಕ್ಸೆಸ್-ಲಿಸ್ಟ್ಸ್’ ಕೊಟ್ಟರೆ ‘0.0.0.0’ ಅಂತ ವಿಚಿತ್ರವಾಗಿ ಕಾಣುತ್ತದೆ, ಅದೇ ಸುಳಿವು. ಪಟ್ಟಿಯ ಕೊನೆಗೆ ‘ಡಿನೈ ಎನಿ ಲಾಗ್’ ಸೇರಿಸಿ, ತಡೆದ ವಿಳಾಸ ಲಾಗ್‌ನಲ್ಲಿ ಬರುತ್ತದೆ. ನಿಮ್ಮ ಲ್ಯಾಪ್‌ಟಾಪ್ ವಿಪಿಎನ್ ಮೂಲಕ ಬಂದಾಗ ನೀವು ಅಂದುಕೊಂಡ ವಿಳಾಸ ಒಂದು, ರೂಟರ್‌ಗೆ ಕಾಣುವ ವಿಳಾಸ ಇನ್ನೊಂದು ಆಗಿರುವುದೂ ಆಗಲೇ ಗೊತ್ತಾಗುವುದು. ಮ್ಯಾನೇಜ್‌ಮೆಂಟ್ ಪೋರ್ಟ್ ಬೇರೆ ವಿಆರ್‌ಎಫ್‌ನಲ್ಲಿ (ರೂಟರ್‌ನೊಳಗಿನ ಪ್ರತ್ಯೇಕ ರೂಟಿಂಗ್ ಪಟ್ಟಿ) ಇದ್ದರೆ ಆಕ್ಸೆಸ್-ಕ್ಲಾಸ್ ಸಾಲಿನ ಕೊನೆಗೆ ‘ವಿಆರ್‌ಎಫ್-ಆಲ್ಸೋ’ ಬೇಕು. ಅದಿಲ್ಲದಿದ್ದರೆ ಪಟ್ಟಿ ಎಷ್ಟೇ ಸರಿಯಿದ್ದರೂ ತಡೆಯುತ್ತದೆ.

ಇನ್ನೊಂದು ಇದೆ: ‘ಲಾಗಿನ್ ಬ್ಲಾಕ್-ಫಾರ್’. ಇಷ್ಟು ಸೆಕೆಂಡಿನಲ್ಲಿ ಇಷ್ಟು ಸಲ ತಪ್ಪು ಪಾಸ್‌ವರ್ಡ್ ಬಂದರೆ ಸ್ವಲ್ಪ ಹೊತ್ತು ಎಲ್ಲರಿಗೂ ಬಾಗಿಲು ಹಾಕು ಅನ್ನುವ ವ್ಯವಸ್ಥೆ. ಈಗ ಆಗಲ್ಲ, ಐದು ನಿಮಿಷ ಬಿಟ್ಟು ಆಗುತ್ತದೆ, ಮತ್ತೆ ಆಗಲ್ಲ ಅನ್ನುವಂಥ ದೋಷ ಇದ್ದರೆ ‘ಶೋ ಲಾಗಿನ್’ ನೋಡಿ. ಎಲ್ಲೋ ಒಂದು ಮಾನಿಟರಿಂಗ್ ಸಾಫ್ಟ್‌ವೇರ್ ಹಳೇ ಪಾಸ್‌ವರ್ಡ್ ಇಟ್ಟುಕೊಂಡು ಬಾಗಿಲು ತಟ್ಟುತ್ತಿರಬಹುದು. ‘ಲಾಗಿನ್ ಕ್ವಯಟ್-ಮೋಡ್ ಆಕ್ಸೆಸ್-ಕ್ಲಾಸ್’ ಹಾಕಿ ನಿಮ್ಮ ವಿಳಾಸಕ್ಕೆ ವಿನಾಯಿತಿ ಕೊಡಬಹುದು.

ಸಿಕ್ಕಿದ್ದು ರೂಟರೇ ಹೌದಾ?

ಕನೆಕ್ಟ್ ಆಯಿತು, ಪಾಸ್‌ವರ್ಡ್ ಕೇಳಿತು, ಏನು ಕೊಟ್ಟರೂ ತಪ್ಪು ಅನ್ನುತ್ತದೆ. ಆಗ ಒಮ್ಮೆ ‘ಎಸ್‌ಎಸ್‌ಎಚ್ -ವಿ’ ಅಂತ ಕೊಟ್ಟು ಎದುರಿನವರು ಯಾರು ಅಂತ ಓದಿ. ಸಿಸ್ಕೋ ಐಒಎಸ್ ಆದರೆ ಆ ಸಾಲಿನಲ್ಲಿ ‘ಸಿಸ್ಕೋ-1.25’ ಅಂತ ಇರುತ್ತದೆ. ಅದರ ಬದಲು ಓಪನ್‌ಎಸ್‌ಎಸ್‌ಎಚ್ ಅಂತ ಕಂಡರೆ ನೀವು ಮಾತಾಡುತ್ತಿರುವುದು ಒಳಗಿನ ಯಾವುದೋ ಲಿನಕ್ಸ್ ಸರ್ವರ್ ಜೊತೆ. ಯಾರೋ ಹಿಂದೆ ನ್ಯಾಟ್‌ನಲ್ಲಿ (ಪ್ಯಾಕೆಟ್‌ನ ವಿಳಾಸ ಬದಲಿಸುವ ವ್ಯವಸ್ಥೆ) 22ನ್ನು ಆ ಸರ್ವರ್‌ಗೆ ತಿರುಗಿಸಿದ್ದಾರೆ. ಈ ಒಂದು ಸಾಲು ನೋಡಿದರೆ ಅರ್ಧ ದಿನ ಉಳಿಯುತ್ತದೆ.

‘ರಿಮೋಟ್ ಹೋಸ್ಟ್ ಐಡೆಂಟಿಫಿಕೇಷನ್ ಹ್ಯಾಸ್ ಚೇಂಜ್ಡ್’ ಅಂತ ದೊಡ್ಡ ಅಕ್ಷರದ ಎಚ್ಚರಿಕೆ ಬಂದರೂ ಪ್ರಶ್ನೆ ಇದೇ. ರೂಟರ್ ಬದಲಾಗಿದ್ದರೆ, ಕೀ ಹೊಸದಾಗಿ ಮಾಡಿದ್ದರೆ ಇದು ಸಹಜ. ‘ಎಸ್‌ಎಸ್‌ಎಚ್-ಕೀಜೆನ್ -ಆರ್ 192.168.10.1’ ಕೊಟ್ಟು ಹಳೇ ಗುರುತು ಅಳಿಸಿ, ಆ ‘ಆರ್’ ದೊಡ್ಡಕ್ಷರದ್ದು. ಆದರೆ ಯಾರೂ ಏನೂ ಬದಲಿಸಿಲ್ಲ ಅಂದರೆ ಅಳಿಸಬೇಡಿ. ನಡುವೆ ಯಾರಾದರೂ ಕೂತಿರಬಹುದು, ಅಥವಾ ಅದೇ ಐಪಿ ಇನ್ನೊಂದು ಸಾಧನಕ್ಕೂ ಹೋಗಿರಬಹುದು. ಕಾರಣ ತಿಳಿಯುವ ತನಕ ಪಾಸ್‌ವರ್ಡ್ ಕೊಡಬೇಡಿ.

‘ಅನೇಬಲ್ ಟು ನೆಗೋಷಿಯೇಟ್’

ನಿನ್ನೆ ತನಕ ಸರಿಯಿತ್ತು, ಲ್ಯಾಪ್‌ಟಾಪ್ ಅಪ್‌ಡೇಟ್ ಆದ ಮೇಲೆ ಹಳೇ ರೂಟರ್‌ಗೆ ಹೋಗಲು ಆಗುತ್ತಿಲ್ಲ ಅನ್ನುವವರಿಗೆ ಬರುವ ಸಂದೇಶ ಇದು. ರೂಟರ್ ಕೆಟ್ಟಿಲ್ಲ. ಅದು ಕಲಿತ ಗೂಢಲಿಪಿಗಳು ಹಳೆಯವು, ನಿಮ್ಮ ಲ್ಯಾಪ್‌ಟಾಪ್ ಅವನ್ನು ಬಿಟ್ಟುಬಿಟ್ಟಿದೆ. ಲ್ಯಾಪ್‌ಟಾಪ್‌ನಲ್ಲಿರುವ ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಆದ ಓಪನ್‌ಎಸ್‌ಎಸ್‌ಎಚ್ 2015ರ 7.0 ಆವೃತ್ತಿಯಲ್ಲಿ ‘ಡಿಫಿ-ಹೆಲ್‌ಮನ್-ಗ್ರೂಪ್1-ಎಸ್‌ಎಚ್‌ಎ1’ ಅನ್ನುವ ಕೀ ಎಕ್ಸ್‌ಚೇಂಜ್ ವಿಧಾನವನ್ನು ಆಫ್ ಮಾಡಿತು. 2017ರ 7.6ರಲ್ಲಿ ಸಿಬಿಸಿ ಬಗೆಯ ಸೈಫರ್‌ಗಳನ್ನು ಬಿಟ್ಟಿತು, 1024 ಬಿಟ್‌ಗಿಂತ ಚಿಕ್ಕ ಆರ್‌ಎಸ್‌ಎ ಕೀಗಳನ್ನೂ ಬೇಡ ಅಂದಿತು. 2021ರ 8.8ರಲ್ಲಿ ‘ಎಸ್‌ಎಸ್‌ಎಚ್-ಆರ್‌ಎಸ್‌ಎ’ ಸಹಿಯೂ ಹೋಯಿತು. 2048ರ ಕೀ ಮಾಡಿ ಅಂದಿದ್ದು ಇದಕ್ಕೇ: 768ರ ಕೀ ಇದ್ದರೆ ರೂಟರ್ ತನ್ನ ಮಟ್ಟಿಗೆ ಸರಿಯಾಗಿಯೇ ಓಡುತ್ತದೆ, ನಿಮ್ಮ ಕಡೆ ‘ಇನ್‌ವ್ಯಾಲಿಡ್ ಕೀ ಲೆಂಗ್ತ್’ ಅಂತ ನಿಲ್ಲುತ್ತದೆ.

ಸಂದೇಶದ ಕೊನೆಯ ಭಾಗ ಓದಿ. ‘ದೇರ್ ಆಫರ್’ ಅಂತ ಬರೆದು ರೂಟರ್‌ಗೆ ಏನೇನು ಬರುತ್ತದೆ ಅನ್ನುವುದನ್ನು ಅಲ್ಲೇ ಕೊಟ್ಟಿರುತ್ತದೆ. ಅದನ್ನೇ ಕಮಾಂಡ್‌ಗೆ ಸೇರಿಸಬೇಕು. ಕೀ ಎಕ್ಸ್‌ಚೇಂಜ್ ಸಾಲದಿದ್ದರೆ ‘-ಒ ಕೆಕ್ಸ್‌ಅಲ್ಗಾರಿದಮ್ಸ್=+’ ಅಂತ ಬರೆದು ಅದರ ಪಕ್ಕ ಆ ಹೆಸರು. ಹೋಸ್ಟ್ ಕೀ ಆದರೆ ‘-ಒ ಹೋಸ್ಟ್‌ಕೀಅಲ್ಗಾರಿದಮ್ಸ್=+ಎಸ್‌ಎಸ್‌ಎಚ್-ಆರ್‌ಎಸ್‌ಎ’. ಸೈಫರ್ ಆದರೆ ‘-ಒ ಸೈಫರ್ಸ್=+ಎಇಎಸ್128-ಸಿಬಿಸಿ’. ಒಂದು ಸರಿಹೋದ ಮೇಲೆ ಮುಂದಿನದರಲ್ಲಿ ನಿಲ್ಲುತ್ತದೆ, ಮೂರೂ ಬೇಕಾಗಬಹುದು, ತಾಳ್ಮೆ ಇರಲಿ. ಆ ಕೂಡಿಸುವ ಚಿಹ್ನೆ ಮುಖ್ಯ. ಅದಿಲ್ಲದಿದ್ದರೆ ‘ಇದನ್ನೂ ಸೇರಿಸು’ ಅನ್ನುವ ಬದಲು ‘ಇದೊಂದನ್ನೇ ಬಳಸು’ ಅಂತ ಆಗುತ್ತದೆ.

ಪ್ರತಿ ಸಲ ಟೈಪ್ ಮಾಡಲು ಬೇಜಾರಾದರೆ ಹೋಮ್ ಫೋಲ್ಡರ್‌ನಲ್ಲಿರುವ ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲಿನಲ್ಲಿ ಬರೆದಿಡಿ, ಆದರೆ ಆ ಒಂದು ರೂಟರ್‌ನ ವಿಳಾಸದ ಕೆಳಗೆ ಮಾತ್ರ. ನಕ್ಷತ್ರ ಚಿಹ್ನೆ ಹಾಕಿ ಎಲ್ಲಾ ಹೋಸ್ಟ್‌ಗಳಿಗೂ ತೆರೆದಿಟ್ಟವರನ್ನು ನೋಡಿದ್ದೇನೆ. ಒಂದು ಹಳೇ ಪೆಟ್ಟಿಗೆಗಾಗಿ ಇಡೀ ಲ್ಯಾಪ್‌ಟಾಪ್‌ನ ರಕ್ಷಣೆ ಕಡಿಮೆ ಮಾಡಿಕೊಳ್ಳುವುದು ಬೇಡ. ಐಒಎಸ್ ಅಪ್‌ಡೇಟ್ ಮಾಡಲು ಆದರೆ ಅದೇ ಒಳ್ಳೆಯ ದಾರಿ.

ಪುಟ್ಟಿಯಲ್ಲಿ ಆಗುತ್ತದೆ, ಲಿನಕ್ಸ್‌ನಲ್ಲಿ ಆಗಲ್ಲ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಪುಟ್ಟಿ ಈ ಹಳೆಯವನ್ನು ಇನ್ನೂ ಇಟ್ಟುಕೊಂಡಿದೆ, ಎಚ್ಚರಿಕೆಯ ಪೆಟ್ಟಿಗೆ ತೋರಿಸಿ ನಿಮ್ಮ ಒಪ್ಪಿಗೆ ಕೇಳಿ ಮುಂದೆ ಹೋಗುತ್ತದೆ.

‘ಹಾಗಾದರೆ ಟೆಲ್ನೆಟ್ಟೇ ಇರಲಿ ಬಿಡಿ’ ಅನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. ದಯವಿಟ್ಟು ಬೇಡ. ಒಂದು ಸಲ ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಓದಿ ತೋರಿಸುವ ವೈರ್‌ಶಾರ್ಕ್ ಹಾಕಿಕೊಂಡು ಟೆಲ್ನೆಟ್ ಲಾಗಿನ್ ನೋಡಿ, ಪಾಸ್‌ವರ್ಡ್‌ನ ಒಂದೊಂದೇ ಅಕ್ಷರ ಬರಿಗಣ್ಣಿಗೆ ಕಾಣುತ್ತದೆ. ಫಿನ್‌ಲೆಂಡ್‌ನ ತಾತು ಇಲೊನೆನ್ ಅವರು 1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದು ತಮ್ಮ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಹೀಗೆಯೇ ಪಾಸ್‌ವರ್ಡ್‌ಗಳು ಕಳವಾದ ಮೇಲೆ. ಹಳೇ ಗೂಢಲಿಪಿಯ ಎಸ್‌ಎಸ್‌ಎಚ್ ಕೂಡ ಟೆಲ್ನೆಟ್‌ಗಿಂತ ಎಷ್ಟೋ ಮೇಲು.

‘ಪರ್ಮಿಷನ್ ಡಿನೈಡ್’

ಇಲ್ಲಿ ತನಕ ಬಂದಿರಿ ಅಂದರೆ ನೆಟ್‌ವರ್ಕ್, ಪೋರ್ಟ್, ಗೂಢಲಿಪಿ ಎಲ್ಲಾ ದಾಟಿದಿರಿ. ಉಳಿದದ್ದು ಹೆಸರು ಮತ್ತು ಪಾಸ್‌ವರ್ಡ್.

ಸುಮ್ನೆ ‘ಎಸ್‌ಎಸ್‌ಎಚ್ 192.168.10.1’ ಅಂತ ಕೊಟ್ಟರೆ ನಿಮ್ಮ ಲ್ಯಾಪ್‌ಟಾಪ್‌ನ ಲಾಗಿನ್ ಹೆಸರೇ ರೂಟರ್‌ಗೆ ಹೋಗುತ್ತದೆ. ಆ ಹೆಸರು ಅಲ್ಲಿ ಇಲ್ಲ, ಆದರೂ ಪಾಸ್‌ವರ್ಡ್ ಕೇಳುತ್ತದೆ, ನೀವು ಸರಿಯಾದದ್ದನ್ನೇ ಕೊಟ್ಟರೂ ತಪ್ಪು ಅನ್ನುತ್ತದೆ. ‘ಎಸ್‌ಎಸ್‌ಎಚ್ -ಎಲ್ ನೆಟ್‌ಅಡ್ಮಿನ್ 192.168.10.1’ ಅಂತ ಹೆಸರು ಸೇರಿಸಿ ಕೊಡಿ. ಆಮೇಲೆ ವಿಟಿವೈಯಲ್ಲಿ ‘ಲಾಗಿನ್’ ಅಷ್ಟೇ ಇದೆಯೋ ‘ಲಾಗಿನ್ ಲೋಕಲ್’ ಇದೆಯೋ ನೋಡಿ. ಬರೀ ಲಾಗಿನ್ ಅಂದರೆ ಲೈನ್‌ಗೆ ಕೊಟ್ಟ ಪಾಸ್‌ವರ್ಡ್ ಅಂತ, ಯೂಸರ್‌ನೇಮ್ ಪಟ್ಟಿಯನ್ನು ನೋಡುವುದೇ ಇಲ್ಲ.

ನೋಟ್‌ಪ್ಯಾಡ್‌ನಿಂದ ಪೇಸ್ಟ್ ಮಾಡಿದ್ದರೆ ಪಾಸ್‌ವರ್ಡ್ ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿತ್ತಾ ನೋಡಿ, ಅದೂ ಪಾಸ್‌ವರ್ಡ್‌ನ ಭಾಗವಾಗಿ ಸೇರಿಬಿಡಬಹುದು. ಪಾಸ್‌ವರ್ಡ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಐಒಎಸ್ ಅದನ್ನು ಸಹಾಯ ಕೇಳಿದ್ದು ಅಂದುಕೊಳ್ಳುತ್ತದೆ. ಅದಕ್ಕೆ ಮೊದಲು ಕಂಟ್ರೋಲ್ ವಿ ಒತ್ತಬೇಕು, ಇಲ್ಲವೇ ಆ ಚಿಹ್ನೆಯನ್ನೇ ಬಿಡಿ.

‘ಎಎಎ ನ್ಯೂ-ಮಾಡೆಲ್’ (ಲಾಗಿನ್ ಮತ್ತು ಅಧಿಕಾರವನ್ನು ಒಂದೇ ಕಡೆ ನಿಯಂತ್ರಿಸುವ ವ್ಯವಸ್ಥೆ) ಇದ್ದರೆ ಲಾಗಿನ್‌ನ ಲೆಕ್ಕವೇ ಬದಲಾಗುತ್ತದೆ. ‘ಎಎಎ ಅಥೆಂಟಿಕೇಷನ್ ಲಾಗಿನ್ ಡಿಫಾಲ್ಟ್ ಗ್ರೂಪ್ ಟ್ಯಾಕಾಕ್ಸ್+ ಲೋಕಲ್’ ಅಂತ ಇದ್ದರೆ ಪಾಸ್‌ವರ್ಡ್ ಮೊದಲು ಟ್ಯಾಕಾಕ್ಸ್+ ಅನ್ನುವ ಬೇರೆ ಸರ್ವರ್‌ಗೆ ಹೋಗುತ್ತದೆ, ಕೊನೆಯ ಆ ‘ಲೋಕಲ್’ ಬಳಕೆಗೆ ಬರುವುದು ಸರ್ವರ್ ಉತ್ತರವನ್ನೇ ಕೊಡದಿದ್ದಾಗ ಮಾತ್ರ. ಸರ್ವರ್ ಬದುಕಿದ್ದು ‘ಈ ಪಾಸ್‌ವರ್ಡ್ ತಪ್ಪು’ ಅಂದರೆ ಅಲ್ಲಿಗೆ ಮುಗಿಯಿತು, ರೂಟರ್‌ನಲ್ಲಿರುವ ಯೂಸರ್ ಕೆಲಸಕ್ಕೆ ಬರುವುದಿಲ್ಲ. ಆ ‘ಲೋಕಲ್’ ಬರೆಯದೇ ಇದ್ದು ಸರ್ವರ್ ಸತ್ತರೆ ಮಾತ್ರ ಯಾರೂ ಒಳಗೆ ಹೋಗಲಾರರು.

ಏನೂ ತಿಳಿಯದಿದ್ದರೆ ಕನ್ಸೋಲ್‌ನಲ್ಲಿ ‘ಡಿಬಗ್ ಐಪಿ ಎಸ್‌ಎಸ್‌ಎಚ್’ ಹಾಕಿ ಇನ್ನೊಂದು ಕಡೆಯಿಂದ ಲಾಗಿನ್ ಪ್ರಯತ್ನ ಮಾಡಿ. ಮಾತುಕತೆ ಎಲ್ಲಿ ಮುರಿಯಿತು ಅಂತ ಸಾಲು ಸಾಲಾಗಿ ಬರುತ್ತದೆ. ಮುಗಿದ ಮೇಲೆ ‘ಅನ್‌ಡಿಬಗ್ ಆಲ್’ ಕೊಡಿ.

ಒಳಗೆ ಬಂದಾಯಿತು, ಆದರೆ ಏನೂ ಮಾಡಲು ಬಿಡುತ್ತಿಲ್ಲ

ಪ್ರಾಂಪ್ಟ್‌ನಲ್ಲಿ ಪೂರ್ಣ ಅಧಿಕಾರ ಸಿಕ್ಕ ಗುರುತಾದ # ಇಲ್ಲ, > ಇದೆ. ‘ಎನೇಬಲ್’ ಕೊಟ್ಟರೆ ‘ನೋ ಪಾಸ್‌ವರ್ಡ್ ಸೆಟ್’ ಅನ್ನುತ್ತದೆ. ಕನ್ಸೋಲ್‌ನಲ್ಲಿ ಎನೇಬಲ್ ಪಾಸ್‌ವರ್ಡ್ ಇಲ್ಲದಿದ್ದರೂ ಒಳಗೆ ಬಿಡುತ್ತದೆ, ದೂರದಿಂದ ಬಂದವರನ್ನು ಬಿಡುವುದಿಲ್ಲ. ‘ಎನೇಬಲ್ ಸೀಕ್ರೆಟ್’ ಕೊಡಿ. ಯೂಸರ್‌ಗೆ ಪ್ರಿವಿಲೇಜ್ 15 ಕೊಟ್ಟೂ > ಬರುತ್ತಿದ್ದರೆ, ಎಎಎ ಆನ್ ಇದೆಯಾ ನೋಡಿ. ಎಎಎ ಇದ್ದಾಗ ‘ಎಎಎ ಆಥರೈಸೇಷನ್ ಎಕ್ಸೆಕ್ ಡಿಫಾಲ್ಟ್ ಲೋಕಲ್’ ಇಲ್ಲದೆ ಆ 15 ಲೆಕ್ಕಕ್ಕೆ ಬರುವುದಿಲ್ಲ.

ಹೊರಡುವ ಮೊದಲು ‘ಶೋ ರನ್’ನ ಕೊನೆಯಲ್ಲಿ ‘ಲೈನ್ ವಿಟಿವೈ 5 15’ ಅಂತ ಇನ್ನೊಂದು ತುಂಡು ಇದೆಯಾ ನೋಡಿ. 0ರಿಂದ 4ನ್ನು ಮಾತ್ರ ಬಿಗಿ ಮಾಡಿ ಇದನ್ನು ಮರೆತರೆ ಆರನೇ ಸೆಷನ್‌ಗೆ ಬೇರೆಯೇ ನಿಯಮ ಸಿಗುತ್ತದೆ, ಟೆಲ್ನೆಟ್ ಅಲ್ಲಿ ತೆರೆದೇ ಇರಬಹುದು. ಎರಡಕ್ಕೂ ಒಂದೇ ಸಾಲುಗಳನ್ನು ಕೊಡಿ.

ಆಮೇಲೆ ಸೇವ್ ಮಾಡಿ, ಆಫೀಸಿನವರನ್ನು ಕೇಳಿ ಒಂದು ಸಲ ರೂಟರ್ ರೀಬೂಟ್ ಮಾಡಿ. ಹುಬ್ಬಳ್ಳಿಯಲ್ಲಿ ಅವತ್ತು 2048ರ ಕೀ ಮಾಡಿ, ‘ರೈಟ್ ಮೆಮೊರಿ’ ಕೊಟ್ಟು, ಎಲ್ಲರೂ ಊಟಕ್ಕೆ ಎದ್ದಾಗ ರೂಟರ್‌ನ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಅದು ಮೇಲೆದ್ದ ಮೇಲೆ ‘ಶೋ ಐಪಿ ಎಸ್‌ಎಸ್‌ಎಚ್’ ನೋಡಿದೆ, ಎನೇಬಲ್ಡ್, ವರ್ಷನ್ 2.0 ಅಂತ ಇತ್ತು. ಕನ್ಸೋಲ್ ಕೇಬಲ್ ಕಿತ್ತು, ಅದೇ ಪಿಸಿಯಿಂದ ಎಸ್‌ಎಸ್‌ಎಚ್ ಮಾಡಿ, # ಕಂಡ ಮೇಲೆ ಬಸ್‌ಸ್ಟ್ಯಾಂಡ್ ಕಡೆ ಹೊರಟೆ.